ಮಗಳ ಖೋಲಿ

ಧಾರವಾಡದ ವಕೀಲರ ಮನೆಯಲ್ಲಿ ಅವರ ಬಾಣಂತಿ ಮಗಳ ಕೂಸನ್ನು ನೋಡಿಕೊಳ್ಳುವ ಕೆಲಸಕ್ಕೆ ನೀಲವ್ವ ಬಂದು ಉಳಿದಳು. ಮಲಗಲು ಸಿಕ್ಕಿದ್ದು ಮೆಟ್ಟಿಲ ಕೆಳಗಿನ ಉಳ್ಳಾಗಡ್ಡಿ ಚೀಲ ಇಡುವ ಖೋಲಿ. ಕಿಟಕಿಯಿಲ್ಲ, ಒಳಗೆ ಚಿಲಕವೂ ಇಲ್ಲ. ಬೇರೆ ಜಾಗ ಕೇಳಿದರೆ ವಕೀಲರ ಹೆಂಡತಿ ವತ್ಸಲಾಬಾಯಿ, "ಇದ್ರ ಇರು, ಇಲ್ಲಾಂದ್ರ ನಡಿ" ಎಂದಳು.

ಒಂದು ದಿನ ಕೂಸು ನೋಡಲು ಬೀಗರು ಬಂದರು. "ನೀಲವ್ವನ್ನ ಮಗಳಂಗ ಇಟ್ಟೀವ್ರಿ. ಏನೂ ಫರಕಿಲ್ಲ" ಎಂದು ವತ್ಸಲಾಬಾಯಿ ಜಂಬ ಕೊಚ್ಚಿದಳು.

"ಖರೇರಿ," ಎಂದಳು ನೀಲವ್ವ. "ಬರ್ರಿ, ಮಗಳ ಖೋಲಿ ತೋರಸ್ತೀನಿ." ಮೆಟ್ಟಿಲ ಕೆಳಗಿನ ಬಾಗಿಲು ತೆರೆದಳು.

ಬೀಗತಿ ಕೆಂಡವಾದಳು. "ನಮ್ಮ ಸೊಸೀನ್ನ ಇಲ್ಲಿ ಮಲಗಸ್ತೀರೇನ್ರಿ?"

"ಅಯ್ಯ, ಇದು ಮನಷ್ಯಾರು ಮಲಗೋ ಜಾಗ ಏನ್ರಿ!" ಎಂದು ವತ್ಸಲಾಬಾಯಿ ಚೀರಿದಳು.

"ಹಂಗಾದ್ರ ನಾ ಏನ್ರಿ, ಅಕ್ಕಾರ?"

ಅಂದೇ ನೀಲವ್ವನ ಹಾಸಿಗೆ ಮಾಳಿಗೆಯ ದೊಡ್ಡ ಖೋಲಿಗೆ ಏರಿತು. ಹೊತ್ತವಳು ವತ್ಸಲಾಬಾಯಿಯೇ. ನೀಲವ್ವನ ಕೈಯಲ್ಲಿ ಕೂಸಿತ್ತಲ್ಲ!