ಕತ್ತಲೆ ಕೇಳಿದ ವಿಮಾನ

ಚೆಲುವನ ಕತೆ ಹೇಳ್ತೀನಿ, ಹತ್ತಿರ ಬಂದು ಕೂತ್ಕೊಳ್ಳಿ. ನಗು ಬಂದರೆ ನಕ್ಕುಬಿಡಿ, ಅವನೇನೂ ಬೇಜಾರು ಮಾಡ್ಕೊಳ್ಳೋನಲ್ಲ.

ಮನೆಮನೆಗೂ ಟೀವಿ ಬರೋದಕ್ಕೆ ಮುಂಚಿನ ಮಾತು. ಮೈಸೂರಿನ ಒಂದು ವಠಾರದಲ್ಲಿ ಸಿಂಗಾರಮ್ಮ ಅಂತ ಇದ್ದರು. ಅವರಿಗೆ ಒಬ್ಬನೇ ಮಗ, ಈ ಚೆಲುವ. ಮೀಸೆ ಬಂದಿತ್ತು, ಬುದ್ಧಿ ಮಾತ್ರ ಇನ್ನೂ ದಾರಿಯಲ್ಲೇ ಇತ್ತು. ಹೇಳಿದ್ದನ್ನ ಹೇಳಿದ ಹಾಗೇ ಮಾಡೋನು, ಒಂದು ಚೂರು ಆಚೆ ಇಲ್ಲ, ಈಚೆ ಇಲ್ಲ. ಬಾಗಿಲ ಕಡೆ ನೋಡ್ತಿರೋ ಅಂತ ಹೇಳಿ ಹೋದರೆ, ಬಾಗಿಲನ್ನೇ ದಿಟ್ಟಿಸಿಕೊಂಡು ಕೂರೋನು. ಹಿತ್ತಲಿಂದ ಬಂದ ಹಸು ಅಕ್ಕಿ ಮೇಯ್ದು ಹೋದರೂ ತಿರುಗಿ ನೋಡ್ತಿರಲಿಲ್ಲ. ಸಿಂಗಾರಮ್ಮ ಹಣೆ ಹಣೆ ಚಚ್ಚಿಕೊಳ್ಳೋರು.

ಅವರ ಯಜಮಾನರು ತಿರುಮಲಯ್ಯ. ಎರಡನೇ ಮಹಾಯುದ್ಧದ ಕಾಲದಲ್ಲಿ ಬೆಂಗಳೂರಲ್ಲಿ ವಿಮಾನ ರಿಪೇರಿ ಮಾಡೋ ಕಡೆ ಫಿಟ್ಟರ್ ಆಗಿದ್ದೋರು. ಯುದ್ಧ ಮುಗಿದು ಎಷ್ಟು ವರ್ಷ ಆದರೂ ಅವರಿಗೆ ವಿಮಾನದ ಹುಚ್ಚು ಬಿಡಲಿಲ್ಲ. ಪ್ರತಿ ದಸರಾಕ್ಕೂ ಬೊಂಬೆ ಕೂರಿಸುವಾಗ, ರಾಮಪಟ್ಟಾಭಿಷೇಕದ ಕೆಳಗಿನ ಮೆಟ್ಟಿಲಲ್ಲಿ ಅವರು ಜೋಡಿಸಿದ ಒಂದು ಹೊಸ ಪುಟಾಣಿ ವಿಮಾನ ಇರಲೇಬೇಕು. ಶೆಟ್ಟಿ, ಶೆಟ್ಟಿಗಿತ್ತಿ, ಪಕ್ಕದಲ್ಲಿ ವಿಮಾನ. ಬೀದಿ ಹೆಂಗಸರೆಲ್ಲ ಅದನ್ನ ನೋಡೋದಕ್ಕೇ ಬರ್ತಿದ್ದರು.

ಕೊನೆಯದಾಗಿ, ಪ್ಲಾಸ್ಟಿಕ್ ತುಂಡುಗಳನ್ನ ಅಂಟಿಸಿ ವಿಮಾನ ಮಾಡೋ ಒಂದು ಡಬ್ಬಿ ತಂದಿದ್ದರು. ಜರ್ಮನಿಯವರ ರಾತ್ರಿ ಹಾರೋ ಯುದ್ಧವಿಮಾನ. ಎರಡು ಎಂಜಿನ್ನು, ಮೂತಿಯ ಮೇಲೆ ಜಿಂಕೆ ಕೊಂಬಿನ ಥರ ಕಡ್ಡಿಗಳು. ಡಬ್ಬಿ ಬಿಚ್ಚೋ ಮುಂಚೆಯೇ ಅವರು ಹೋಗಿಬಿಟ್ಟರು. ಆ ವರ್ಷ ಸೂತಕದ ಮನೆ ಅಂತ ಬೊಂಬೆ ಕೂರಿಸಲಿಲ್ಲ. ಮಾರನೇ ವರ್ಷ ದಸರಾ ಹತ್ತಿರ ಬಂದಾಗ ತಿರುಮಲಯ್ಯನವರ ತಂಗಿ ಅಲಮೇಲಮ್ಮ ಮಂಡ್ಯದಿಂದ ಹೇಳಿ ಕಳಿಸಿದರು: ಅವು ನಮ್ಮ ತಾಯಿ ಕಾಲದ ಬೊಂಬೆಗಳು, ಪೆಟ್ಟಿಗೆಯಲ್ಲಿ ಕೊಳೆಯೋದು ಬೇಡ, ನೀವು ಕೂರಿಸದಿದ್ದರೆ ನಾನು ತಗೊಂಡು ಹೋಗ್ತೀನಿ.

ಸಿಂಗಾರಮ್ಮನಿಗೆ ಬೊಂಬೆ ಕೊಡೋದಕ್ಕೆ ಮನಸ್ಸಿಲ್ಲ. ಆದರೆ ವಿಮಾನವಿಲ್ಲದ ಆ ಮೆಟ್ಟಿಲನ್ನ ನೋಡೋ ಧೈರ್ಯವೂ ಇಲ್ಲ. ಕೊನೆಗೆ ಡಬ್ಬಿ ತೆಗೆದು ಮಗನ ಮುಂದಿಟ್ಟರು. ಇದನ್ನ ಜೋಡಿಸೋದಕ್ಕೆ ಆದರೆ ಬೊಂಬೆ ಕೂರಿಸೋದು, ಆಗದಿದ್ದರೆ ಪೆಟ್ಟಿಗೆ ಮಂಡ್ಯಕ್ಕೆ ಅಂತ ತೀರ್ಮಾನ ಮಾಡಿದರು.

ಯಜಮಾನರು ಮಾಡ್ತಿದ್ದದ್ದು ಅವರಿಗೆ ಕಣ್ಣಿಗೆ ಕಟ್ಟಿದ ಹಾಗಿತ್ತು. ಮೊದಲು ತುಂಡುಗಳನ್ನೆಲ್ಲ ಸೋಪು ಹಾಕಿ ಒಗೆದು ಒಣಗಿಸಬೇಕು, ಜಿಡ್ಡಿದ್ದರೆ ಬಣ್ಣ ನಿಲ್ಲಲ್ಲ ಅಂತ ಹೇಳಿಕೊಟ್ಟು ಅಡುಗೆಮನೆಗೆ ಹೋದರು. ಹಿತ್ತಲಿಂದ ಪಟ್ ಪಟ್ ಅಂತ ಸದ್ದು. ಓಡಿ ಹೋಗಿ ನೋಡಿದರೆ, ಪುಣ್ಯಾತ್ಮ ಒಗೆಯೋ ಕಲ್ಲಿನ ಮೇಲೆ ರೆಕ್ಕೆಯನ್ನ ಪಂಚೆ ಒಗೆದ ಹಾಗೆ ಎತ್ತೆತ್ತಿ ಬಡೀತಿದ್ದಾನೆ. ರೆಕ್ಕೆ ಮುರಿದು ಎರಡಾಗಿತ್ತು. ಹಿಂಡೋದೊಂದು ಬಾಕಿ ಇತ್ತು.

ಸಿಂಗಾರಮ್ಮ ತುಂಡುಗಳನ್ನ ಕಿತ್ಕೊಂಡರು. ಬಡೀಬಾರದು ಕಣೋ ಮಂಕೆ, ಮೆತ್ತಗೆ ಹಿಡ್ಕೋಬೇಕು, ಅಂಟು ಹಚ್ಚಿ ಎರಡು ಕೈಯಲ್ಲೂ ಹಿಡ್ಕೊಂಡರೆ ಏನೇ ಆದರೂ ಬಿಡಬಾರದು ಅಂತ ಬೈದರು. ಆಗಲಮ್ಮ, ಇನ್ನು ಮೇಲೆ ಹಾಗೇ ಮಾಡ್ತೀನಿ ಅಂದ ಚೆಲುವ.

ಮಾರನೇ ದಿನ ಒಲೆ ಮೇಲೆ ಹಾಲಿಟ್ಟು, ನೋಡ್ಕೋ ಅಂತ ಹೇಳಿ ಅವರು ಹೂವು ತರೋದಕ್ಕೆ ಹೋದರು. ಬರೋವಷ್ಟರಲ್ಲಿ ಮನೆ ತುಂಬ ಹೊಗೆ. ಹಾಲೆಲ್ಲ ಉಕ್ಕಿ ಸುರಿದು ಪಾತ್ರೆ ಕರಕಲಾಗಿದೆ. ಚೆಲುವ ಒಲೆ ಮುಂದೆಯೇ ಕೂತು, ಅಂಟು ಹಚ್ಚಿದ ರೆಕ್ಕೆಯನ್ನ ಎರಡು ಕೈಯಲ್ಲೂ ಹಿಡ್ಕೊಂಡು, ಉಕ್ಕೋ ಹಾಲನ್ನೇ ನೋಡ್ಕೊಂಡಿದ್ದಾನೆ. ಕಣ್ಣಲ್ಲಿ ಹೊಗೆಗೆ ನೀರು. ನೋಡ್ಕೋ ಅಂದೆ, ನೋಡಿದೆ. ಬಿಡಬೇಡ ಅಂದೆ, ಬಿಡಲಿಲ್ಲ ಅಂತ ಅವನ ಸಮಜಾಯಿಷಿ.

ರೆಕ್ಕೆ ಮಾತ್ರ ಗಟ್ಟಿಯಾಗಿ ಅಂಟಿತ್ತು ಅನ್ನಿ. ಅದನ್ನ ನೋಡಿ ಸಿಂಗಾರಮ್ಮನ ಅರ್ಧ ಕೋಪ ಇಳೀತು. ಇನ್ನರ್ಧ ಕೋಪದಲ್ಲಿ ಹೇಳಿಕೊಟ್ಟರು: ನಿಮ್ಮಪ್ಪ ಹೀಗೆ ಹಿಡ್ಕೊಂಡು ಕೂರ್ತಿದ್ದರೇನೋ? ಅಲುಗಾಡದ ಹಾಗೆ ದಾರ ಸುತ್ತಿ, ಬಿಗಿಯಾಗಿ ಕಟ್ಟಿ, ಮೂಲೆಯಲ್ಲಿಟ್ಟು, ತಮ್ಮ ಪಾಡಿಗೆ ಬೇರೆ ಕೆಲಸ ನೋಡ್ತಿದ್ದರು. ಆಗಲಮ್ಮ, ಹಾಗೇ ಮಾಡ್ತೀನಿ ಅಂದ ಚೆಲುವ. ವಿಮಾನದ ಹೊಟ್ಟೆಯ ಎರಡು ಹೋಳನ್ನೂ ಅವನು ದಾರ ಕಟ್ಟಿಯೇ ಕೂಡಿಸಿದ, ಚೆನ್ನಾಗೇ ಕೂಡಿಸಿದ. ಅಮ್ಮನಿಗೆ ಸ್ವಲ್ಪ ಆಸೆ ಹುಟ್ಟಿತು.

ಅಷ್ಟರಲ್ಲಿ ಅಲಮೇಲಮ್ಮ ಬಸ್ಸಿಳಿದು ಬಂದೇಬಿಟ್ಟರು, ಬೊಂಬೆ ಪೆಟ್ಟಿಗೆಯ ವಿಚಾರ ಇತ್ಯರ್ಥ ಮಾಡೋದಕ್ಕೆ. ಮನೆಯಲ್ಲಿ ಕಾಫಿಪುಡಿ ಇರಲಿಲ್ಲ. ಸಿಂಗಾರಮ್ಮ ಮಗನನ್ನ ಪಕ್ಕಕ್ಕೆ ಕರೆದು, ಅತ್ತೆ ಪೆಟ್ಟಿಗೆ ಎತ್ಕೊಂಡು ಹೊರಟುಬಿಟ್ಟಾರು, ನಾನು ಬರೋವರೆಗೂ ಕುರ್ಚಿಯಿಂದ ಏಳದ ಹಾಗೆ ನೋಡ್ಕೋ ಅಂತ ಪಿಸುಗುಟ್ಟಿ ಅಂಗಡಿಗೆ ಓಡಿದರು. ಅಲಮೇಲಮ್ಮ ಬಸ್ಸಿನ ಆಯಾಸಕ್ಕೆ ಆರಾಮಕುರ್ಚಿಯಲ್ಲಿ ಒರಗಿ ಗೊರಕೆ ಹೊಡೀತಿದ್ದರು.

ಮುಂದೇನಾಯಿತು ಅಂತ ನಿಮಗೇ ಗೊತ್ತಾಗಿರಬೇಕು. ಸಿಂಗಾರಮ್ಮ ಬಂದು ನೋಡಿದರೆ ನಾದಿನಿ ಕುರ್ಚಿ ಸಮೇತ ಮೂಲೆ ಸೇರಿದ್ದಾರೆ, ಕುತ್ತಿಗೆಯಿಂದ ಕಾಲವರೆಗೆ ದಾರವೋ ದಾರ. ಚೆಲುವ ತನ್ನ ಪಾಡಿಗೆ ಹಿತ್ತಲಲ್ಲಿ ಸೌದೆ ಒಡೀತಿದ್ದಾನೆ. ಅಲಮೇಲಮ್ಮನ ಬಾಯಿಂದ ಬಂದ ಮಾತನ್ನೆಲ್ಲ ನಾನು ಇಲ್ಲಿ ಹೇಳೋ ಹಾಗಿಲ್ಲ. ಹಬ್ಬದ ಮೊದಲ ದಿನ ಸಂಜೆ ಬರ್ತೀನಿ, ಮೆಟ್ಟಿಲ ಮೇಲೆ ಬೊಂಬೆ ಇಲ್ಲದಿದ್ದರೆ ಪೆಟ್ಟಿಗೆ ನನ್ನದು ಅಂತ ಹೇಳಿ, ಕಾಫಿಯನ್ನೂ ಕುಡಿಯದೆ ಹೊರಟುಹೋದರು.

ಆವತ್ತು ಸಿಂಗಾರಮ್ಮನಿಗೆ ಬೈಯೋದಕ್ಕೂ ಶಕ್ತಿ ಇರಲಿಲ್ಲ. ಮನೆಗೆ ಬಂದವರನ್ನ ಕಟ್ಟಿಹಾಕ್ತಾರೇನಪ್ಪ? ಅವರಿಗೇನು ಬೇಕು ಅಂತ ತಿಳ್ಕೊಂಡು, ಕೇಳಿದ್ದನ್ನ ಒದಗಿಸಿಕೊಡಬೇಕು, ಅದು ಮರ್ಯಾದೆ ಅಂದರು. ಆಗಲಮ್ಮ ಅಂದ ಚೆಲುವ. ಪಾಪ, ಅವನ ಮುಖವೂ ಸಣ್ಣದಾಗಿತ್ತು.

ಆಮೇಲೆ ತಾಯಿ ಮಗ ಇಬ್ಬರೂ ಕೂತರು. ಬೂದು ಬಣ್ಣ ಬಳಿದು ಅದರ ಮೇಲೆ ಮಚ್ಚೆ ಇಟ್ಟರು. ಮೂತಿಯ ಕೊಂಬುಗಳನ್ನ ಸಿಂಗಾರಮ್ಮ ಹುಬ್ಬು ಕೀಳೋ ಚಿಮಟದಲ್ಲಿ ಹಿಡಿದು ತಾವೇ ಅಂಟಿಸಿದರು. ಅಂಟಿನ ವಾಸನೆ ಮೂಗಿಗೆ ಬಡಿದಾಗ ಯಜಮಾನರು ಪಕ್ಕದಲ್ಲೇ ಕೂತು ಸಿಳ್ಳೆ ಹಾಕ್ತಿದ್ದಾರೆ ಅನ್ನಿಸಿ ಕೈ ನಿಂತುಬಿಡೋದು. ಚೆಲುವ ಮಾತ್ರ ವಿಮಾನವನ್ನ, ನಿನಗೇನು ಬೇಕಪ್ಪ, ನಿನಗೇನು ಬೇಕು ಅಂತ ಕೇಳ್ತಾನೇ ಇದ್ದ. ಹೊಸದಾಗಿ ಮನೆಗೆ ಬಂದಿರೋದು ಅದೇ ತಾನೇ. ಅಮ್ಮ ನಕ್ಕು, ಅದಕ್ಕೇನು ಬೇಕು, ಕತ್ತಲೆ ಬೇಕು, ಬೆಳಕಿದ್ದರೆ ಇದು ಹಾರೋದೇ ಇಲ್ಲ ಅಂತ ನಿಮ್ಮಪ್ಪ ಹೇಳ್ತಿದ್ದರು ಅಂದರು.

ಹಬ್ಬದ ಮೊದಲ ಸಂಜೆ. ಬೊಂಬೆಗಳೆಲ್ಲ ಮೆಟ್ಟಿಲೇರಿದವು. ವಿಮಾನವೂ ಕೂತಿತು, ಒಂದು ರೆಕ್ಕೆ ಕೊಂಚ ಜೋಲು, ಆದರೂ ವಿಮಾನವೇ. ಹೆಂಗಸರು ಬಂದರು, ಅಲಮೇಲಮ್ಮನೂ ಬಂದರು. ಅವರು ಕನ್ನಡಕ ಸರಿ ಮಾಡ್ಕೊಂಡು ವಿಮಾನದ ಕಡೆ ಬಗ್ಗಬೇಕು, ಅಷ್ಟರಲ್ಲಿ ಮೇನ್ ಸ್ವಿಚ್ಚು ಟಕ್ ಅಂತ ಆಫ್ ಆಗಿ ಕರೆಂಟು ಹೋಯಿತು. ಕಿಟಕಿಗಳೂ ದಢದಢ ಮುಚ್ಚಿಕೊಂಡವು. ಉಫ್ ಅಂತ ಯಾರೋ ದೀಪವನ್ನೂ ಊದಿದರು. ಹಬ್ಬದ ಮನೆಯಲ್ಲಿ, ದೇವರ ಮುಂದಿನ ದೀಪ!

ಯಾರದೋ ಕಾಲು ಯಾರೋ ತುಳಿದರು, ಉಸಲಿ ತಟ್ಟೆ ಉರುಳಿತು. ಸಿಂಗಾರಮ್ಮ, ಪೆಟ್ಟಿಗೆ ಮಂಡ್ಯಕ್ಕೆ ಹೋದ ಹಾಗೇ ಅಂದುಕೊಂಡರು.

"ಯಾಕೋ ಹೀಗೆ ಮಾಡಿದೆ, ಅಯ್ಯೋ ಪಾಪಿ?"

"ಅದು ಕೇಳಿದ್ದು ಕತ್ತಲೆ ಅಲ್ವೇನಮ್ಮ, ಕೊಟ್ಟೆ," ಅಂದ ಚೆಲುವ ಬಾಗಿಲ ಹತ್ತಿರದಿಂದ. "ಗಲಾಟೆ ಮಾಡಬೇಡಿ. ಹೋಗಿ ಅಪ್ಪನ್ನ ಕರಕೊಂಡು ಬಾ ಅಂತ ಅದನ್ನ ಕಳಿಸಿದೀನಿ."

ಸಿಂಗಾರಮ್ಮ ಬೆಂಕಿಪೊಟ್ಟಣಕ್ಕೆ ತಡಕಾಡಿದಾಗ ಅವರ ಕೈಯನ್ನ ಯಾರೋ ಹಿಡ್ಕೊಂಡರು.

"ದೀಪ ಹಚ್ಚಬೇಡಿ ಅತ್ತಿಗೆ," ಅಂದರು ಅಲಮೇಲಮ್ಮ. "ಅಣ್ಣ ಬರ್ತಾನೇನೋ, ಒಂದು ಗಳಿಗೆ ಕೂರೋಣ."

ಕತ್ತಲಲ್ಲಿ ಅತ್ತಿಗೆ ನಾದಿನಿ ಕೈ ಕೈ ಹಿಡ್ಕೊಂಡು ಕೂತರು. ಅತ್ತರು, ತಿರುಮಲಯ್ಯನವರ ಸಿಳ್ಳೆ ನೆನೆಸಿಕೊಂಡು ನಕ್ಕರು. ಬೊಂಬೆ ಇಲ್ಲೇ ಇರಲಿ ಅತ್ತಿಗೆ, ಪ್ರತಿ ವರ್ಷ ನಾನೇ ಬರ್ತೀನಿ ಅಂತ ಅಲಮೇಲಮ್ಮ ಕಿವಿಯಲ್ಲಿ ಹೇಳಿದರು. ಆಮೇಲೆ ದೀಪ ಹಚ್ಚಿದರು. ಚೆಲುವ ಓಡಿ ಬಂದು ನೋಡಿದ. ವಿಮಾನ ಮೆಟ್ಟಿಲ ಮೇಲೇ ಇತ್ತು, ಪಕ್ಕದಲ್ಲಿ ಯಾರೂ ಇರಲಿಲ್ಲ. ಬೊಂಬೆಗಳ ಹಿಂದೆಯೂ ಇಣುಕಿ ನೋಡಿದ.

ಸಿಂಗಾರಮ್ಮ ಅವನ ತಲೆ ಸವರಿ, ಹೋಗಲಿ ಬಿಡು ಮಗು, ಇನ್ನೊಂದು ಸಲ ಕಳಿಸಿ ನೋಡಿದರಾಯಿತು ಅಂದರು.

ಆಗಲಮ್ಮ ಅಂದ ಚೆಲುವ, ಬಗ್ಗಿ ದೀಪ ಊದೇಬಿಟ್ಟ.