ಗದಿಗೆಪ್ಪನ ಮ್ಯೂಸಿಯಂ ನೌಕರಿ

ಹ್ಞೂಂ ಅನ್ಕೋಂತ ಕೇಳ್ರಿ. ಹ್ಞೂಂ ಅನ್ನೋರು ಇಲ್ಲಂದ್ರ ನಾ ಹೊಚ್ಕೊಂಡು ಮಲಗಾಕಿ. ಆಮ್ಯಾಲ ಗದಿಗೆಪ್ಪ ಏನಾದಾ ಅಂತ ನೀವು ಗೋಡಿನ್ನ ಕೇಳ್ಕೋಬೇಕು.

ಒಂದೂರಾಗ ಚಂಬವ್ವ ಅಂತ ಒಬ್ಬಾಕಿ ಇದ್ಳು. ಆಕಿಗೆ ಒಬ್ಬನ ಮಗ, ಗದಿಗೆಪ್ಪ. ಆಳು ನೋಡಿದ್ರ ಆನಿ, ಬುದ್ಧಿ ನೋಡಿದ್ರ ಸೊನ್ನಿ. ಹೇಳಿದ್ದು ಹೇಳಿದಂಗ ಮಾಡಾಂವ. "ಹಾಲು ಉಕ್ಕಿದ ಕೂಡ್ಲೇ ಕರಿಯೋ" ಅಂದ್ರ, ಒಲಿ ಮುಂದ ಕುಂತು, ಹಾಲೆಲ್ಲಾ ಉಕ್ಕಿ ಬೂದಿಗೆ ಬಿದ್ದ ಮ್ಯಾಲ "ಯವ್ವಾ, ಉಕ್ಕಿತು ಬಾ" ಅಂತ ಕರಿಯಾಂವ.

ಇಂಥಾವಗ ಹೆಣ್ಣು ಯಾರು ಕೊಡ್ತಾರ? ಚಂಬವ್ವಗ ಇದ್ದದ್ದು ಒಂದ ಆಸೆ. ಸಾಯೋದ್ರೊಳಗ ಸೊಸಿ ಮಾರಿ ನೋಡಬೇಕು, ಕೂಡಿ ಕುಂತು ಎರಡು ಮಾತಾಡಬೇಕು. ಅಷ್ಟ. ಕಡೀಕ ಹುಣಸಿಕೊಪ್ಪದ ಬಸಲಿಂಗಪ್ಪ ಅಂದ: "ಹುಡುಗ ಒಂದು ನೌಕರಿ ಹಿಡಿದು ಯುಗಾದಿತನಕ ಉಳಿಸ್ಕೊಳ್ಳಲಿ. ನನ್ನ ಮಗಳು ಗೌರವ್ವನ್ನ ಕೊಡ್ತೀನಿ."

ಚಂಬವ್ವ ಅವರಿವರ ಕಾಲು ಹಿಡಿದು, ಪ್ಯಾಟಿ ಮ್ಯೂಸಿಯಂನ್ಯಾಗ ಮಗನ್ನ ಕಾವಲಿಗೆ ಹಚ್ಚಿದ್ಳು. ಮ್ಯೂಸಿಯಂ ಅಂದ್ರ ಹಳೇ ಕಲ್ಲು, ಹಳೇ ಮೂರ್ತಿ, ಹಳೇ ಚಿತ್ರ ಇಡೋ ಮನಿ. ಅಲ್ಲಿ ಕಡ್ಲಿಮಟ್ಟಿ ಸಾಹೇಬ್ರು ದೊಡ್ಡೋರು. ನಾಕು ಮಂದಿ ಎತ್ತೋ ಕಲ್ಲು ಗದಿಗೆಪ್ಪ ಒಬ್ಬನ ಎತ್ತಿದ್ದು ನೋಡಿ ಖುಷಿ ಆದ್ರು.

"ನೋಡಪಾ, ಇಲ್ಲಿ ಯಾರೂ ಏನೂ ಮುಟ್ಟಂಗಿಲ್ಲ. ಕೈ ಹಚ್ಚಾಕ ಬಂದ್ರ ಗದರಿಸು."

"ಹೌದ್ರಿ ಸಾಹೇಬ್ರ, ಹಂಗ ಮಾಡ್ತೀನ್ರಿ."

ಮರುದಿನ ಒಬ್ಬ ಮುದುಕ ಮಾಸ್ತರು ಹೆಂಡ್ತಿ ಕೂಡ ಮ್ಯೂಸಿಯಂ ನೋಡಾಕ ಬಂದ್ರು. ನುಣ್ಣನ್ನ ಫರಸಿ ಮ್ಯಾಲ ಮಾಸ್ತರು ಕಾಲು ಜಾರಿ ಧೊಪ್ಪಂತ ಬಿದ್ರು. ಹೆಂಡ್ತಿ ಎತ್ತಾಕ ಓಡಿ ಬಂದ್ಳು. ಗದಿಗೆಪ್ಪ ಬಡಿಗಿ ಅಡ್ಡ ಹಿಡಿದ.

"ಹ್ಞಾ! ಕೈ ಹಚ್ಚಬ್ಯಾಡ್ರಿ!"

"ಏ ಮಾರಾಯಾ, ನನ್ನ ಗಂಡನೋ!"

"ಯಾರ ಗಂಡಾದ್ರೂ ಅಷ್ಟರೀ! ದೂರ ನಿಂತು ನೋಡ್ರಿ!"

ಮಾಸ್ತರು ನೆಲದ ಮ್ಯಾಲ, ಹೆಂಡ್ತಿ ಬಾಯಿ ಬಾಯಿ ಬಡ್ಕೋಂತ, ಗದಿಗೆಪ್ಪ ನಡುವ. ಸಾಹೇಬ್ರು ಓಡಿ ಬಂದ್ರು.

"ಏ ಹುಚ್ಚಪ್ಯಾಲಿ! ಬಿದ್ದಾಂವ ಕಂಡ್ರ ರಟ್ಟಿ ಹಿಡಿದು ಎತ್ತಬೇಕು, ನೆಟ್ಟಗ ನಿಂದ್ರಸಬೇಕು, ಮಾರಿಗೆ ನೀರು ಚಿಮುಕಿಸಬೇಕು!"

"ಹೌದ್ರಿ ಸಾಹೇಬ್ರ, ಹಂಗ ಮಾಡ್ತೀನ್ರಿ."

ಮನ್ಯಾಗ ಚಂಬವ್ವ ಕೇಳಿ ಹಣಿ ಹಣಿ ಬಡ್ಕೊಂಡ್ಳು. "ಯಪ್ಪಾ, ನನ್ನ ಸೊಸಿ ಬರಾಕಿ ಅರ್ಧಾ ದಾರ್ಯಾಗಿಂದ ಹಿಂದಕ್ಕ ಹೋದ್ಳಲ್ಲೋ!"

ಮುಂದ ಕೇಳ್ರಿ. ಮ್ಯೂಸಿಯಂನ ಮೂಲ್ಯಾಗ ಹಾವಿನ ಮ್ಯಾಲ ಮಲಗಿದ ವಿಷ್ಣುವಿನ ಮೂರ್ತಿ ಇತ್ತು. ಗದಿಗೆಪ್ಪ ಕಸಾ ಹೊಡಿಯಾಕ ಹೋಗಿ ಕಂಡ.

"ಅಯ್ಯ ಪಾಪ! ಹಾವಿನ ಮ್ಯಾಲ ಬಿದ್ದಾನಲ್ಲೋ!"

ತಬ್ಬಿ ಎತ್ತಿದ. ಗೋಡಿಗೆ ಆನಿಸಿ ನೆಟ್ಟಗ ನಿಂದ್ರಿಸಿದ. ಮಾರಿಗೆ ಒಂದು ಕೊಡ ನೀರು ಹೊಡದ. ಕಾಲು ಒತ್ತಾಕಿ ಲಕ್ಷ್ಮಿ ಅಡ್ಡಡ್ಡಾಗಿ ಜೋತು ಬಿದ್ದಂಗ ಆದ್ಳು, ಪಾಪ! ಸಾಹೇಬ್ರು ಬಂದು ನೋಡಿ ಎದಿ ಹಿಡ್ಕೊಂಡ್ರು.

"ಯುಗಯುಗದಿಂದ ಮಲಗಿದ ದೇವರನ್ನ ಎಬ್ಬಿಸಿದೆಲ್ಲೋ ಖೋಡಿ! ಮಲಗಿದ್ದು ಮಲಗಿರಬೇಕು. ಸುತ್ತ ಹಗ್ಗಾ ಕಟ್ಟಬೇಕು. ಬಾಜೂ ನಿಂತು ಬಂದ ಮಂದಿಗೆ ಹೇಳಬೇಕು, ಎಷ್ಟು ಹಳೇದು, ಎಲ್ಲಿಂದ ಬಂತು, ಎಲ್ಲೆಲ್ಲಿ ಮುಕ್ಕಾಗೇತಿ ಅಂತ!"

"ಹೌದ್ರಿ ಸಾಹೇಬ್ರ, ಹಂಗ ಮಾಡ್ತೀನ್ರಿ."

ಸಾಹೇಬ್ರು ಅವನ್ನ ನೌಕರಿ ಬಿಡಿಸಿ ಕಳಿಸೋವ್ರ ಇದ್ರು. ಆದ್ರ ಆ ದೇವರನ್ನ ಮತ್ತ ಮಲಗಸಾಕ ಬ್ಯಾರೆ ಯಾರ ಕೈಲೂ ಆಗವಲ್ದು. ಗದಿಗೆಪ್ಪನ ಮಲಗಿಸಿದ. ನೌಕರಿ ಉಳೀತು.

ಆತು. ಒಂದಿನ ಬೆಂಗ್ಳೂರಿಂದ ದೊಡ್ಡ ಅಧಿಕಾರಿ ತಪಾಸಣಿಗೆ ಬಂದ್ರು. ಹೋಳಿಗಿ ಊಟ ಆತು. ತಂಪಾಗಿ ಇತ್ತಂತ ಮೂರ್ತಿಗಳ ನಡುವ ಒಂದು ಬಾಕಿನ ಮ್ಯಾಲ ಅಡ್ಡಾದ್ರು. ಹಿಂದ ಸಾಲಿ ಹುಡುಗ್ರು ಬಂದ್ರು. ನೋಡ್ತಾರ, ಅಧಿಕಾರಿ ಸುತ್ತ ಹಗ್ಗಾ! ಬಾಜೂ ಗದಿಗೆಪ್ಪ!

"ಇದು ಸುಮಾರು ಅರವತ್ತು ವರ್ಷದ್ದು. ಬೆಂಗ್ಳೂರಿಂದ ಬಂದೈತಿ. ಮ್ಯಾಲಿನ ಹಲ್ಲು ಮುಕ್ಕಾಗ್ಯಾವ. ತೆಲಿ ಮ್ಯಾಲ ಇದ್ದದ್ದೆಲ್ಲಾ ಸವದು ಹೋಗೇತಿ. ಹೊಟ್ಟಿ ಮೊದಲಿಂದಲ್ಲ, ಆಮ್ಯಾಲ ಸೇರಿಸಿದ್ದು."

"ಅಣ್ಣಾ, ಇದು ಗೊರಕಿ ಹೊಡಿತೈತಿ!"

"ಹಳೇ ಸಾಮಾನು ತಮ್ಮಾ, ಸಪ್ಪಳ ಬರೋದ."

ಅಧಿಕಾರಿ ಎದ್ರು. ಹಗ್ಗ ಕಾಲಿಗೆ ತೊಡರಿ ಧೊಪ್ಪಂತ ಬಿದ್ರು. ಸಾಹೇಬ್ರು ಬೈದದ್ದು ನಾ ಹೇಳಂಗಿಲ್ಲ, ಇಲ್ಲಿ ಸಣ್ಣ ಹುಡುಗ್ರು ಕುಂತಾವ. ಕಡೀಕ ಅಂದ್ರು:

"ಅಷ್ಟು ದೊಡ್ಡೋರು ಬಂದ್ರ ಮೈತುಂಬ ಶಾಲು ಹೊಚ್ಚಬೇಕು! ಮನಿಗೆ ಕರ್ಕೊಂಡು ಹೋಗಬೇಕು! ಉಣ್ಣಾಕ ನೀಡಿ, ಹಾಸಿಗಿ ಹಾಸಿ ಮಲಗಿಸಬೇಕು!"

"ಹೌದ್ರಿ ಸಾಹೇಬ್ರ, ಹಂಗ ಮಾಡ್ತೀನ್ರಿ."

ಚಂಬವ್ವ ಸುದ್ದಿ ಕೇಳಿ ಅತ್ತಳು. "ಯುಗಾದಿ ಹತ್ರ ಬಂತೋ, ಸುಮ್ಮನ ನಿಂದ್ರೋ. ನನ್ನ ಸೊಸಿನ್ನ ಕಳೀಬ್ಯಾಡೋ!"

ಮೂರು ದಿನಾ ಸುಮ್ಮನ ನಿಂತ. ನಾಕನೇ ದಿನಾ ಒಬ್ಬ ರೈತ ಚಕ್ಕಡ್ಯಾಗ ಒಂದು ಕಲ್ಲಿನ ದೇವಿನ್ನ ತಂದ. "ಹೊಲಾ ಹೊಡಿಯುವಾಗ ಸಿಕ್ಳು. ಭಾಳ ದೊಡ್ಡಾಕಿ. ನಿನ್ನ ಕೈಯಾಗ ಒಪ್ಪಿಸೀನಪಾ" ಅಂದು ಹೋದ.

ದೊಡ್ಡಾಕಿ! ಗದಿಗೆಪ್ಪ ಶಾಲು ಹೊಚ್ಚಿದ, ಹೆಗಲಿಗೆ ಏರಿಸಿದ, ಮನಿಗೆ ಒಯ್ದ. ಚಂಬವ್ವ ಸಂತಿಯಿಂದ ಬಂದು ನೋಡ್ತಾಳ, ಹಾಸಿಗ್ಯಾಗ ಯಾರೋ ಮುಸುಕು ಹಾಕ್ಕೊಂಡು ಮಲಗ್ಯಾರ, ಮುಂದ ರೊಟ್ಟಿ ತಾಟು.

"ಯಾರೋ ಅವರು?"

"ದೊಡ್ಡೋರವ್ವ."

ಬೀಗರ ಕಡೆಯವರಂತ ತಿಳದಳು ಆಕಿ! ಗಡಬಡಿಸಿ ಬದನಿಕಾಯಿ ಪಲ್ಯೆ ಮಾಡಿದ್ಳು. "ಏಳ್ರಿ ಯವ್ವಾ, ಎರಡು ತುತ್ತು ಉಣ್ಣರಿ. ಯಾಕ, ಸಿಟ್ಟೇನು?" ಅಂತ ಒಂದು ತಾಸು ಕರದಳು. ಮುಸುಕು ತೆಗದ್ರ ಕಲ್ಲು. ಅಷ್ಟರಾಗ ರೈತನ ಬಾಯಿಂದ ಸುದ್ದಿ ತಿಳದು ಸಾಹೇಬ್ರು ಪೊಲೀಸಪ್ಪನ್ನ ಕರ್ಕೊಂಡು ಬಂದ್ರು, ದೇವಿ ಕಳುವಾಗ್ಯಾಳಂತ. ಚಂಬವ್ವ ಕಾಲಿಗೆ ಬಿದ್ಳು. ಕದ್ದ ದೇವಿಗೆ ಯಾವ ಕಳ್ಳ ಪಲ್ಯೆ ಬಡಸ್ತಾನ? ಪೊಲೀಸಪ್ಪ ನಕ್ಕೋಂತ ಹೋದ.

ಸಾಹೇಬ್ರು ಕಿವಿ ಹಿಂಡಿ ಹೇಳಿದ್ರು: "ಇದ ಕಡೀ ಮಾತು. ಯಾರರ ಏನರ ನಿನ್ನ ಕೈಯಾಗ ಒಪ್ಪಿಸಿದ್ರ ಮನಿಗೆ ಒಯ್ಯಂಗಿಲ್ಲ! ನೆಟ್ಟಗ ಮ್ಯೂಸಿಯಂಗೆ! ಗಾಜಿನ ಕೋಣ್ಯಾಗ ಇಡು, ಚೀಟಿ ಹಚ್ಚು, ಕೀಲಿ ಹಾಕು!"

"ಹೌದ್ರಿ ಸಾಹೇಬ್ರ, ಹಂಗ ಮಾಡ್ತೀನ್ರಿ."

ಯುಗಾದಿ ಬಂತು. ನೌಕರಿ ಉಳದಿತ್ತು. ಬಸಲಿಂಗಪ್ಪ ಮಾತಿನ ಮನಷ್ಯಾ. ಹುಣಸಿಕೊಪ್ಪದಾಗ ಲಗ್ನ ಆತು. ಚಂಬವ್ವ ಆರತಿ ತಯಾರಿ ಮಾಡ್ತೀನಂತ ಮುಂದಿನ ಗಾಡಿಗೆ ಊರಿಗೆ ಓಡಿದ್ಳು. ಇಲ್ಲಿ ಹೆಣ್ಣೊಪ್ಪಿಸೋ ಹೊತ್ತು ಬಂತು. ಬಸಲಿಂಗಪ್ಪ ಕಣ್ಣೀರು ಹಾಕ್ಕೋಂತ ಮಗಳ ಕೈ ಅಳಿಯನ ಕೈಯಾಗ ಇಟ್ಟ.

"ಗೌರಿನ್ನ ನಿನ್ನ ಕೈಯಾಗ ಒಪ್ಪಿಸೀನಪಾ. ಜ್ವಾಪಾನ."

"ಒಪ್ಪಿಸಿದ್ರ್ಯಾ ಮಾವಾರ? ಇನ್ನ ಚಿಂತಿ ಬಿಡ್ರಿ!"

ಸಂಜಿಗೆ ಚಂಬವ್ವ ಹೊಸ್ತಿಲ ಮ್ಯಾಲ ಅಕ್ಕಿ ತುಂಬಿದ ಸೇರು ಇಟ್ಟು, ಆರತಿ ಹಿಡಿದು ನಿಂತಿದ್ಳು. ಟಂಟಂ ಗಾಡಿ ಬಂತು. ಇಳದಾಂವ ಗದಿಗೆಪ್ಪ ಒಬ್ಬನ. ಹಣಿಗೆ ಬಾಸಿಂಗ, ಕೈಯಾಗ ಕೀಲಿ.

"ಗೌರಿ ಎಲ್ಲೋ?"

"ಗಾಜಿನ ಕೋಣ್ಯಾಗ ಇಟ್ಟೀನವ್ವ. ಚೀಟಿನೂ ಹಚ್ಚೀನಿ. ಹುಣಸಿಕೊಪ್ಪದಾಗ ಸಿಕ್ಕದ್ದು, ಎಲ್ಲೂ ಮುಕ್ಕಾಗಿಲ್ಲ ಅಂತ."

"ಅಯ್ಯೋ ಶಿವನ! ಆಕಿ ಏನೂ ಅನ್ನಲಿಲ್ಲೇನೋ?"

"ಅಂದ್ಳು. 'ಎಷ್ಟು ದೊಡ್ಡ ಮನಿರೀ! ಎಷ್ಟೊಂದು ದೇವ್ರು! ಅತ್ತಿಯಾರು ಎಲ್ಲದಾರ?' ಅಂದ್ಳು. 'ನಮ್ಮವ್ವನ್ನ ಇನ್ನೂ ಯಾರೂ ತಂದು ಒಪ್ಪಿಸಿಲ್ಲ' ಅಂದೆ."

"ಕೀಲಿ ಕೊಡೋ!"

"ಕೊಡಂಗಿಲ್ಲವ್ವ. ಹೊತ್ತು ಮುಳುಗೇತಿ. ನಾಳೆ ಸೂಟಿ. ನಾಡಿದ್ದು ಹತ್ತಕ್ಕ ಬಾ, ಸೊಸಿನ್ನ ತೋರಿಸ್ತೀನಿ."

ಚಂಬವ್ವ ಅತ್ತಳು, ಬೈದಳು, ಕಾಲು ಹಿಡಿದಳು. ಗದಿಗೆಪ್ಪ ಜಪ್ಪಯ್ಯ ಅನ್ನಲಿಲ್ಲ. ಆಗ ಆಕಿ ತನ್ನ ಕೈ ತಾನ ಎತ್ತಿ ಮಗನ ಕೈಯಾಗ ಇಟ್ಟಳು.

"ತಗೋ! ನನ್ನೂ ನಿನ್ನ ಕೈಯಾಗ ಒಪ್ಪಿಸೀನಿ!"

"ಹೌದವ್ವ, ಹಂಗ ಮಾಡ್ತೀನಿ!"

ಅವ್ವನ್ನ ಎತ್ತಿದ, ಒಯ್ದ, ಗಾಜಿನ ಕೋಣ್ಯಾಗ ಸೊಸಿ ಬಾಜೂ ಕುಂದ್ರಿಸಿದ. ಚೀಟಿ ಹಚ್ಚಿದ: 'ಭಾಳ ಹಳೇದು. ನಮ್ಮ ಮನ್ಯಾಗ ಸಿಕ್ಕದ್ದು. ಇನ್ನೂ ಬೈತೈತಿ.' ಕೀಲಿ ಜಡಿದ. ಒಳಗ ಅತ್ತಿ ಸೊಸಿ ಒಬ್ಬರ ಮಾರಿ ಒಬ್ಬರು ನೋಡಿ, ಮೊದಲು ಅತ್ತು, ಆಮ್ಯಾಲ ನಕ್ಕಿದ್ದ ನಕ್ಕಿದ್ದು. ಬೆಳತನಕ ಮಾತ ಮುಗೀಲಿಲ್ಲ.

ಗದಿಗೆಪ್ಪ ಒಬ್ಬನ ಮನಿಗೆ ಬಂದ. ಹೊಸ್ತಿಲ ಮ್ಯಾಲ ಸೇರು ಇತ್ತು, ಒದಿಯಾಕ ಮದಿಮಗಳು ಇಲ್ಲ. ಮಾಡೋದ ಮಾಡಬೇಕಲ್ಲ? ತಾನ ಬಲಗಾಲಿಲೇ ಸೇರು ಒದ್ದು, ತೆಲಿ ಮ್ಯಾಲ ಸೆರಗಿನಂಗ ಟವೆಲ್ ಹೊಚ್ಕೊಂಡು, ನಾಚ್ಕೋಂತ ಒಳಗ ಹೋದ.