ಹನ್ನೆರಡನೇ ಹಪ್ಪಳ

ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಗಾಜಿನಂಥ ಮೂಳೆಯ ಹೆಂಗಸು. ಬೆನ್ನು ತಿರುಗಿಸಿ ಕೈ ತೊಳೆಯುತ್ತಿರುವ ಶಿಷ್ಯ. ಬಾಗಿಲ ಬಳಿ ಗುರು. ಇದ್ದಕ್ಕಿದ್ದಂತೆ 'ಚಟ್' ಅಂತ ಒಂದು ಸದ್ದು. ಏನು ಮುರಿಯಿತು, ಹೇಳಿ ನೋಡೋಣ?

ನಿಮ್ಮ ಮನಸ್ಸಿಗೆ ಏನು ಬಂತು ಅಂತ ನನಗೆ ಗೊತ್ತು. ಶಿಷ್ಯನ ಮನಸ್ಸಿಗೂ ಅದೇ ಬಂತು. ಆದರೆ ಮೊದಲಿನಿಂದ ಕೇಳಿ.

ಹೊಳೆದಂಡೆಯಲ್ಲೊಂದು ಆಶ್ರಮ. ಅದರ ಮೂಲೆಯಲ್ಲೊಂದು ಹಲ್ಲಿನ ಆಸ್ಪತ್ರೆ. ಆಸ್ಪತ್ರೆ ಅಂದರೆ ಒಂದು ಕೋಣೆ, ಒಂದು ಕುರ್ಚಿ, ಅಷ್ಟೆ. ಡೆಂಟಲ್ ಕಾಲೇಜಿನಲ್ಲಿ ಮೂವತ್ತು ವರ್ಷ ಪಾಠ ಹೇಳಿದ ಆರಾಧ್ಯ ಮೇಷ್ಟ್ರು ಅಲ್ಲಿ ನೆಲೆಸಿದ್ದರು. ಸುಧನ್ವ ಡಿಗ್ರಿ ಮುಗಿಸಿ ಅವರ ಹತ್ತಿರ ಕೈ ಪಳಗಿಸಿಕೊಳ್ಳಲು ಬಂದವನು.

ಒಂದು ಬೆಳಗ್ಗೆ ಹಾಲಮ್ಮ ಬಂದಳು. ವಯಸ್ಸು ನಲವತ್ತು, ಎತ್ತರ ಹತ್ತು ವರ್ಷದ ಹುಡುಗಿಯದು. ಕಣ್ಣಿನ ಬಿಳಿಯಲ್ಲಿ ತಿಳಿನೀಲಿ. ಜೋರಾಗಿ ಸೀನಿದರೂ ಪಕ್ಕೆಲುಬು ಮುರಿಯುವ ಕಾಯಿಲೆ ಅದು, ತಾಯಿಯಿಂದ ಬಂದದ್ದು. ಹಲ್ಲುಗಳೂ ಒಂದೊಂದಾಗಿ ಪುಡಿಯಾಗಿ ಹೋಗಿದ್ದವು.

"ಎರಡು ವರ್ಷದಿಂದ ಬರೀ ಅಂಬಲಿ, ಸಾರ್. ದಿನದಿನಕ್ಕೆ ಇಳಿದುಹೋಗ್ತಿದೀನಿ. ನಮ್ಮವ್ವ ಸಾಯೋ ಮುಂಚೆ ಹೇಳಿದ್ಲು, ಹಲ್ಲು ಹೋದ್ರೆ ಆರಾಧ್ಯರ ಹತ್ರಾನೇ ಹೋಗು, ಅವರಿಗೆ ನಮ್ಮ ಮೂಳೆ ಗೊತ್ತು ಅಂತ."

ಹಾಗೆಂದವಳೇ ಕಾಲಿಗೆ ಬೀಳಲು ಬಗ್ಗಿದಳು. ಮೇಷ್ಟ್ರು ಗಾಬರಿಯಿಂದ ಕೈ ಅಡ್ಡ ಹಿಡಿದರು.

"ಬಗ್ಗಬೇಡ ತಾಯಿ. ನಿಂತಲ್ಲಿಂದಲೇ ಕೈಮುಗಿ, ನನಗೆ ಮುಟ್ಟುತ್ತೆ."

ಸುಧನ್ವ ಎಕ್ಸ್‌ರೇ ನೋಡಿದ. ಕೆಳದವಡೆ ಪೆನ್ಸಿಲ್ಲಿನಷ್ಟೂ ದಪ್ಪವಿರಲಿಲ್ಲ.

"ಇಂಪ್ಲಾಂಟ್ ಹಾಕೋಣವೇ ಮೇಷ್ಟ್ರೇ? ನಾಲ್ಕೇ ತಿರುಪು ಕೊರೆದು ಕೂರಿಸಿದರೆ ಹಲ್ಲು ನಿಲ್ಲುತ್ತೆ."

"ಮೂಳೆ ಗಟ್ಟಿಯಾಗಲಿ ಅಂತ ವರ್ಷಗಟ್ಟಲೆ ಇಂಜೆಕ್ಷನ್ ತಗೊಂಡಿದ್ದಾಳೆ. ಆ ಮದ್ದು ತಗೊಂಡವರ ದವಡೆಯಲ್ಲಿ ಕೊರೆದ ಗಾಯ ಮಾಯದಿದ್ದರೆ?"

"ಹಾಗಾದರೆ ಹಲ್ಲುಸೆಟ್ಟೇ ಗತಿ. ಅದಕ್ಕೆ ದವಡೆಯ ಅಚ್ಚು ತೆಗೆಯಬೇಕು..." ಅಂದವನು ಮಾತು ನುಂಗಿದ.

ಅಚ್ಚಿನ ಹಿಟ್ಟು ತುಂಬಿದ ತಟ್ಟೆಯನ್ನು ದವಡೆಗೆ ಒತ್ತು, ಗಟ್ಟಿಯಾದ ಮೇಲೆ ಒಂದೇ ಏಟಿಗೆ ಸೆಳೆ ಅಂತ ಕಾಲೇಜಿನಲ್ಲಿ ಕಲಿಸಿದ್ದರು. ಈ ದವಡೆಯ ಮೇಲಿಂದ ಸೆಳೆದರೆ?

"ನೀವೇ ತೆಗೆಯಿರಿ ಮೇಷ್ಟ್ರೇ. ನನ್ನಿಂದ ಆಗೋದಿಲ್ಲ."

"ನೀನೇ ತೆಗೀತೀಯ. ಈಗ ಅಡುಗೆಮನೆಗೆ ಹೋಗಿ ಹನ್ನೆರಡು ಹಪ್ಪಳ ಕರಿಸಿಕೊಂಡು ಬಾ. ಒಂದು ಉಂಡೆ ಚಪಾತಿ ಹಿಟ್ಟೂ ಇರಲಿ."

ತಂದ.

"ಹಪ್ಪಳದ ಮೇಲೆ ಹಿಟ್ಟು ಒತ್ತು. ಹಪ್ಪಳ ಮುರಿಯದ ಹಾಗೆ ಬಿಡಿಸು."

ಮೊದಲನೆಯದು ಒತ್ತುವಾಗಲೇ ಹೋಯಿತು. ಎರಡನೆಯದು ಬಿಡಿಸುವಾಗ. ಪ್ರತಿ ಸಲ ಚಟ್ ಅಂದಾಗಲೂ ಅವನಿಗೆ ಹಾಲಮ್ಮನ ಗಲ್ಲವೇ ಕಣ್ಣಮುಂದೆ ಬರುತ್ತಿತ್ತು. ಎಂಟನೆಯದನ್ನು ಹೆದರಿ ಹೆದರಿ ಎಷ್ಟು ಹೊತ್ತು ಹಿಡಿದುಕೊಂಡನೆಂದರೆ, ಅದು ಹಿಟ್ಟಿನ ಪಸೆ ಕುಡಿದು ಮೆತ್ತಗಾಯಿತು.

"ಇದು ಮುರಿಯಲಿಲ್ಲ ಮೇಷ್ಟ್ರೇ!"

"ಹಾಲಮ್ಮನ ದವಡೆ ಮೆತ್ತಗಾಗೋದಿಲ್ಲಪ್ಪ."

ಹನ್ನೊಂದೂ ಹೋದವು. ಅಡುಗೆಯ ಪಾರ್ವತಕ್ಕ ಬಾಗಿಲಲ್ಲಿ ನಿಂತು ಸೆರಗು ಬಾಯಿಗಿಟ್ಟುಕೊಂಡಳು. "ಡಾಕ್ಟ್ರೇ, ತಿನ್ನೋದಕ್ಕೂ ಒಂದು ಉಳಿಸ್ರಪ್ಪ!"

ಹನ್ನೆರಡನೆಯದಕ್ಕೆ ಹಿಟ್ಟು ಒತ್ತಿದ. ಎಳೆಯಲು ಧೈರ್ಯವೇ ಬರಲಿಲ್ಲ. ಸೋತು, ಬಗ್ಗಿ, ಹಿಟ್ಟಿನ ಅಂಚಿಗೆ ಉಫ್ ಅಂತ ಊದಿದ. ಅಂಚು ಎದ್ದಿತು. ಮತ್ತೊಮ್ಮೆ ಊದಿದ. ಗಾಳಿ ಒಳಗೆ ನುಗ್ಗಿ ಹಿಟ್ಟು ತಾನಾಗಿ ಸಡಿಲಿತು. ಹಪ್ಪಳ ಇಡಿಯಾಗಿತ್ತು.

ಮೇಷ್ಟ್ರು ಆ ಹಪ್ಪಳವನ್ನು ಒರೆಸಿ ಡಬ್ಬಿಗೆ ಹಾಕಿ ಮುಚ್ಚಳ ಬಿಗಿದರು.

ಮಾರನೇ ದಿನ ಹಾಲಮ್ಮನ ಬಾಯಲ್ಲಿ ಅಚ್ಚು ಗಟ್ಟಿಯಾಯಿತು. ಸುಧನ್ವನ ಅಂಗಿ ಬೆನ್ನಿಗಂಟಿತ್ತು. ತಟ್ಟೆಯ ಹಿಡಿಗೆ ಬೆರಳು ತಾಗಿಸಿದ, ತೆಗೆದ, ಮತ್ತೆ ತಾಗಿಸಿದ.

"ಹಾಲಮ್ಮ, ಕೆನ್ನೆ ಉಬ್ಬಿಸಿ. ಮಕ್ಕಳು ಪೀಪಿ ಊದೋ ಹಾಗೆ."

ಅವಳು ಉಬ್ಬಿಸಿದಳು. ಅಂಚಿನಲ್ಲಿ ಗಾಳಿ ಸುಳಿಯಿತು. ತಟ್ಟೆ ಅವನ ಬೆರಳಿಗೆ ತಾನೇ ಬಂತು.

"ಆಯ್ತಾ?" ಅಂದಳು ಹಾಲಮ್ಮ. "ಇಷ್ಟಕ್ಕೇ ಬೆಳಗ್ಗಿಂದ ಮುಖ ಸಣ್ಣ ಮಾಡ್ಕೊಂಡಿದ್ರಾ ಡಾಕ್ಟ್ರೇ?"

ಹದಿನೈದು ದಿನಕ್ಕೆ ಸೆಟ್ಟು ಸಿದ್ಧವಾಯಿತು. ಕೂರಿಸಿದ, ತಿಕ್ಕಿದ, ಮತ್ತೆ ಕೂರಿಸಿದ. ಎಲ್ಲೂ ಒತ್ತುತ್ತಿಲ್ಲ ಅಂದಳು. ನಂಬಿಕೆ ಬರಲಿಲ್ಲ, ಇನ್ನೊಮ್ಮೆ ಕೇಳಿದ. ಆಮೇಲೆ ಬೆನ್ನು ತಿರುಗಿಸಿ ಕೈ ತೊಳೆಯತೊಡಗಿದ.

ಚಟ್!

ನಲ್ಲಿ ಸುರಿಯುತ್ತಲೇ ಇತ್ತು. ಸುಧನ್ವನಿಗೆ ಕತ್ತು ತಿರುಗಿಸಲಾಗಲಿಲ್ಲ.

"ಉಪ್ಪು ಸ್ವಲ್ಪ ಜಾಸ್ತಿ," ಎಂದಿತು ಹಾಲಮ್ಮನ ದನಿ.

ತಿರುಗಿದ. ಅವಳ ಕೈಯಲ್ಲಿ ಅರ್ಧ ಹಪ್ಪಳ. ಬಾಯಲ್ಲಿ ಇನ್ನರ್ಧ. ಮಡಿಲಲ್ಲಿ ಮೇಷ್ಟ್ರು ಮುಚ್ಚಳ ತೆಗೆದು ಕೊಟ್ಟ ಡಬ್ಬಿ. ಕಣ್ಣಿನ ತಿಳಿನೀಲಿಯಲ್ಲಿ ನೀರು.

ಅವಳು ನಿಂತಲ್ಲಿಂದಲೇ ಕೈಮುಗಿದು ಹೋದ ಮೇಲೂ ಸುಧನ್ವನ ಎದೆ ಹೊಡೆದುಕೊಳ್ಳುತ್ತಿತ್ತು. ಮೇಷ್ಟ್ರು ಖಾಲಿ ಡಬ್ಬಿಯನ್ನು ಹೊಳೆಯ ನೀರಿನಲ್ಲಿ ತೊಳೆಯುತ್ತಿದ್ದರು. ಅವನು ಹೋಗಿ ಪಕ್ಕದ ಮೆಟ್ಟಿಲಲ್ಲಿ ಕುಳಿತ.

"ಆ ಸದ್ದಿಗೆ ಪ್ರಾಣವೇ ಹೋಯಿತು ಮೇಷ್ಟ್ರೇ. ಈ ಹೆದರಿಕೆ ಯಾವಾಗ ಹೋಗುತ್ತೆ?"

ಮೇಷ್ಟ್ರು ಡಬ್ಬಿಯನ್ನು ಬೋರಲು ಹಾಕಿದರು. ತಮ್ಮ ಬಲಗೈ ಬೆರಳುಗಳನ್ನು ಬಿಡಿಸಿ ನೋಡಿಕೊಂಡರು.

"ಅವಳ ತಾಯಿಯ ದವಡೆಯಿಂದ ಒಂದೇ ಏಟಿಗೆ ಅಚ್ಚು ಸೆಳೆದವನು ನಾನೇ ಕಣಯ್ಯ," ಅಂದರು. "ಅದೇ ಸದ್ದು. ಬೆಳಗ್ಗೆ ಹತ್ತೂಕಾಲು. ಬುಧವಾರ, ಸಾವಿರದ ಒಂಬೈನೂರ ತೊಂಬತ್ತೆರಡನೇ ಇಸವಿ, ನವೆಂಬರ್ ಹದಿನೆಂಟು."